ಈ ಮನೆಯಲ್ಲಿ ಉಣ್ಣುವವರು ಎಷ್ಟು ಜನ

“ಐದು ಜನ,” ಎಂದರು ಐಸಮ್ಮ.

ಮಂಗಳೂರಿನಲ್ಲಿ ಅದು ನನ್ನ ಕೆಲಸದ ಮೊದಲ ವಾರ. ಕೂಳೂರಿನಲ್ಲಿ ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವ ಒಂದು ಓಣಿ. ಮುಂದುಗಡೆ ಬಳೆ, ಕ್ಲಿಪ್ಪು, ಸೆಂಟು ಮಾರುವ ಫ್ಯಾನ್ಸಿ ಅಂಗಡಿ, ಅದರ ಬೆನ್ನಿಗೇ ಮನೆ. ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಹೆಂಗಸು ಐಸಮ್ಮ. ಈ ಮನೆಯ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಎಷ್ಟು ಜನ ಎಂಬುದು ನಾನು ಎಲ್ಲ ಮನೆಗಳಲ್ಲೂ ಮೊದಲು ಕೇಳುವ ಪ್ರಶ್ನೆ. ಅವರು ಒಬ್ಬೊಬ್ಬರನ್ನೇ ಹೇಳಿದರು: ತಾವು, ಗಂಡ, ಕಾಲೇಜಿಗೆ ಹೋಗುವ ಮಗಳು, ಮಗ ನೌಫಲ್, ಸೊಸೆ ಸಫೀನಾ. ನೌಫಲನ ಬಗ್ಗೆ ಕೇಳದೆಯೇ ಬಹಳ ಹೇಳಿದರು. ಅವನಿಗೆ ಬೆಳಿಗ್ಗೆ ಅಕ್ಕಿರೊಟ್ಟಿಯೇ ಆಗಬೇಕು, ಬಂಗುಡೆ ಸಾರು ಹಿಂದಿನ ದಿನದ್ದಾದರೆ ಇನ್ನೂ ಇಷ್ಟ, ಚಹಾಕ್ಕೆ ಸಕ್ಕರೆ ಕಡಿಮೆ. ನಾನು ಎಲ್ಲರ ಹೆಸರನ್ನೂ ಟ್ಯಾಬ್‌ನಲ್ಲಿ ತುಂಬಿದೆ. ಉದ್ಯೋಗದ ಪ್ರಶ್ನೆಗಳಿಗೆ ಆದಷ್ಟೂ ಆಯಾ ವ್ಯಕ್ತಿಯೇ ಉತ್ತರಿಸಬೇಕು ಎಂಬುದು ನಮ್ಮ ನಿಯಮ.

“ನಿಮ್ಮ ಮಗ ಸಂಜಿಗೆ ಎಷ್ಟೊತ್ತಿಗೆ ಬರ್ತಾರ್ರಿ?” ಎಂದು ಕೇಳಿದೆ.

“ಸಂಜೆ ಅಲ್ಲ ಮಾರಾಯ್ತಿ,” ಎಂದರು ಐಸಮ್ಮ. “ಮುಂದಿನ ರಂಜಾನಿಗೆ.”

ನೌಫಲ್ ಸೌದಿಯ ದಮ್ಮಾಮಿನಲ್ಲಿದ್ದ. ಅವನು ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಸೊಸೆ ಅದೇ ಓಣಿಯ ಕೊನೆಗೆ ತನ್ನ ತಾಯಿಯ ಮನೆಯಲ್ಲಿದ್ದಳು. ಐದು ಜನರ ಮನೆಯಲ್ಲಿ ನಿಜವಾಗಿ ಮೂವರು. ಐಸಮ್ಮ ಸುಳ್ಳು ಹೇಳಿದ್ದಲ್ಲ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಹಣೆಯ ಬೆವರು ಒರೆಸಿಕೊಂಡು, ತುಂಬಿದ್ದನ್ನೆಲ್ಲ ಮೊದಲಿನಿಂದ ತಿದ್ದತೊಡಗಿದೆ.

ಗದಗಿನ ಕಡೆಯ ನೀವು ನನ್ನ ಕೆಲಸವೇನೆಂದು ಫೋನಿನಲ್ಲಿ ಕೇಳುತ್ತಲೇ ಇರುತ್ತೀರಿ. ಹೇಳಿದರೆ ನಗುತ್ತೀರಿ, ಆದ್ದರಿಂದ ಬರೆದೇ ಹೇಳುತ್ತೇನೆ. ಊರು ಬಿಟ್ಟು ಊರಿಗೆ ಹೋದವರೆಷ್ಟು, ದೇಶ ಬಿಟ್ಟು ಹೋದವರೆಷ್ಟು ಎಂದು ಅಂದಾಜು ಮಾಡುವ ಸರ್ಕಾರದ ಸಮೀಕ್ಷೆಯೊಂದರಲ್ಲಿ ನಾನು ಗುತ್ತಿಗೆಯ ಸಮೀಕ್ಷಕಿ. ಊರು ಬಿಟ್ಟವಳನ್ನೇ ಊರು ಬಿಟ್ಟವರನ್ನು ಎಣಿಸಲು ಇಟ್ಟಿದ್ದಾರೆ.

ಗಂಡ ತೀರಿಕೊಂಡ ಮೇಲೆ ಮಗಳು ಸಹನಾಳನ್ನು ಕರೆದುಕೊಂಡು ಅಕ್ಕನ ಮನೆಯಲ್ಲಿ ಇದ್ದೆ. ಅಳು ಬರುತ್ತಿರಲಿಲ್ಲ. ಬರಬೇಕಾದಾಗಲೂ ಬರಲಿಲ್ಲ ಎಂದು ಅಕ್ಕನಿಗೆ ಒಳಗೊಳಗೇ ಅಸಮಾಧಾನವಿತ್ತು. ಮಂಗಳೂರಿನಲ್ಲಿ ಕೆಲಸ ಇದೆ ಎಂದಾಗ ಖುಷಿಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ, ಬಸ್ಸು ಹತ್ತಿದೆ. ಮೊದಲು ನಾನು ಹೋಗಿ ಮನೆ ಮಾಡುವುದು, ಏಳನೆಯ ತರಗತಿ ಮುಗಿದ ಕೂಡಲೇ ಸಹನಾಳನ್ನು ಕರೆಸಿಕೊಂಡು ಎಂಟನೆಯದಕ್ಕೆ ಇಲ್ಲಿಯೇ ಸೇರಿಸುವುದು, ಇಷ್ಟೇ ನನ್ನ ಯೋಜನೆ. ಅದೊಂದು ನೆರವೇರಿದರೆ ಉಳಿದದ್ದು ಹೇಗಾದರೂ ನಡೆಯಲಿ ಎಂದುಕೊಂಡಿದ್ದೆ.

ಮನೆ ಸಿಕ್ಕಿದ್ದು ಕಾವೂರಿನಲ್ಲಿ, ಕೆರೆಗೆ ಹತ್ತಿರ. ಮಾಳಿಗೆಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಕೆಳಗೆ ಮಾಲಕಿ ಸರೋಜಕ್ಕ ಮತ್ತು ಬಂದರಿನಲ್ಲಿ ಕೆಲಸ ಮಾಡುವ ಅವರ ಗಂಡ. ಮನೆಯಲ್ಲಿ ಅವರ ಮಾತು ತುಳು. ಕನ್ನಡವನ್ನು ನನಗಾಗಿ ಕಪಾಟಿನಿಂದ ತೆಗೆದ ಸೀರೆಯಂತೆ ಜಾಗ್ರತೆಯಿಂದ ಬಳಸುತ್ತಾರೆ. ಮೊದಲ ದಿನ ಸರೋಜಕ್ಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು.

“ನೀವು ಘಟ್ಟದವರಲ್ವಾ? ಮೀನು ತಿನ್ನುದಿಲ್ವಾ?”

“ಇಲ್ರಿ.”

“ಮತ್ತೆ ಎಂತ ತಿನ್ನುದು?”

ಘಟ್ಟದವರು ಎಂದರೆ ಪಶ್ಚಿಮ ಘಟ್ಟದ ಆಚೆಯವರು. ಹಾಸನವೂ ಘಟ್ಟವೇ, ಬೀದರವೂ ಘಟ್ಟವೇ. ನಮ್ಮಲ್ಲಿ ಧಾರವಾಡದ ಮಾತಿಗೂ ಗದಗಿನ ಮಾತಿಗೂ ವ್ಯತ್ಯಾಸ ಹುಡುಕಿ ಜಗಳ ಕಾಯುತ್ತೇವೆ. ಇಲ್ಲಿ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿಬಿಡುತ್ತಾರೆ. ನಾನು ಬಾಯಿ ತೆರೆದರೆ ಆಟೋದವನು ಕನ್ನಡಿಯಲ್ಲಿ ಹಿಂದೆ ನೋಡುತ್ತಾನೆ. ಒಮ್ಮೆ ಒಬ್ಬ “ನಿಮ್ಮ ಕನ್ನಡ ಎಂತ ಜೋರು ಮಾರಾಯ್ರೆ, ನಂಗೆ ಬೈದ ಹಾಗೆ ಆಯ್ತು” ಎಂದ. ನಾನು ಕೇಳಿದ್ದು ಕಾವೂರಿಗೆ ಬರ್ತೀರೇನು ಎಂದು ಮಾತ್ರ.

ಊಟದ ವಿಷಯ ಬೇರೆಯೇ. ಇಲ್ಲಿಯ ಕುಚ್ಚಲಕ್ಕಿ ಅನ್ನ ದಪ್ಪ, ಕೆಂಪು, ಅಗಿಯುವಾಗ ಏನೋ ಆಲೋಚನೆ ಮಾಡುತ್ತಿದ್ದೇವೆ ಅನಿಸುತ್ತದೆ. ಜೋಳದ ಹಿಟ್ಟಿಗಾಗಿ ಬಹಳ ಹುಡುಕಿದೆ. ಕೊನೆಗೆ ಕೂಳೂರಿನಲ್ಲಿ, ಬಾಗಲಕೋಟೆ ಕಡೆಯ ಕಟ್ಟಡ ಕೆಲಸದವರು ಹೋಗುವ ಒಂದು ದಿನಸಿ ಅಂಗಡಿಯಲ್ಲಿ ಸಿಕ್ಕಿತು. ಆ ದಿನ ರೊಟ್ಟಿ ಬಡಿದೆ. ಸದ್ದು ಕೇಳಿ ಸರೋಜಕ್ಕ ಮೇಲೆ ಹತ್ತಿ ಬಂದು, ಏನೋ ಒಡೆಯಿತು ಎಂದುಕೊಂಡೆ ಎಂದರು. ಒಂದು ರೊಟ್ಟಿ ತಿಂದು, ಉಪ್ಪು ಉಂಟಾ ಎಂದು ಕೇಳಿ, ಕೆಳಗೆ ಹೋಗಿ ಒಂದು ಬಟ್ಟಲು ತೆಂಗಿನಕಾಯಿ ಚಟ್ನಿ ತಂದುಕೊಟ್ಟರು. ಇಲ್ಲಿ ನಾನು ಗೆದ್ದ ಮೊದಲ ದಿನ ಅದು.

ಈ ಕೆಲಸಕ್ಕೆ ಸೇರುವ ಮೊದಲು ನಾನೂ ನಿಮ್ಮ ಹಾಗೆಯೇ, ಯಾರು ಎಲ್ಲಿ ಹೋದರು ಎಂಬುದು ಸರ್ಕಾರಕ್ಕೆ ತಾನಾಗಿ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಾರಲ್ಲ. ಆದರೆ ಮುದ್ರೆಯಿಂದ ತಿಳಿಯುವುದು ಅಷ್ಟಕ್ಕಷ್ಟೆ. ಮಂಗಳೂರಿನಿಂದ ವಿಮಾನ ಹತ್ತುವವರಲ್ಲಿ ಕಾಸರಗೋಡಿನವರು ಇರುತ್ತಾರೆ, ಮಂಗಳೂರಿನವರು ಕಣ್ಣೂರಿಗೆ ಹೋಗಿ ಹತ್ತುತ್ತಾರೆ. ಹೋಗುವವನು ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟನೋ, ತಂಗಿಯ ಮಗುವನ್ನು ನೋಡಲಿಕ್ಕೋ, ಅರ್ಧ ಆಯುಷ್ಯದ ದುಡಿಮೆಗೋ, ಆ ಮುದ್ರೆಗೆ ಗೊತ್ತಾಗುವುದಿಲ್ಲ. ದೇಶದ ಒಳಗೇ ಓಡಾಡುವವರಿಗೆ ಮುದ್ರೆಯೂ ಇಲ್ಲ. ನಾನು ಬಂದದ್ದು ಹೆಂಗಸರ ಉಚಿತ ಟಿಕೆಟ್ಟಿನಲ್ಲಿ. ಬಸ್ಸಿನ ಲೆಕ್ಕದಲ್ಲಿ ಅದೊಂದು ಪ್ರಯಾಣ. ಅಕ್ಕನ ಮನೆಯಿಂದ ಮದುವೆಗೆ ಹೋಗಿ ಬಂದ ಹಾಗೆ.

ಆದ್ದರಿಂದ ಮನೆಗೇ ಹೋಗಿ ಕೇಳಬೇಕಾಗುತ್ತದೆ. ಜನಗಣತಿಯವರು ಎಲ್ಲರನ್ನೂ ಕೇಳುತ್ತಾರೆ: ಎಲ್ಲಿ ಹುಟ್ಟಿದಿರಿ, ಇಲ್ಲಿಗೆ ಬರುವ ಮೊದಲು ಎಲ್ಲಿದ್ದಿರಿ, ಯಾಕೆ ಬಂದಿರಿ. ಅದು ಅಪರೂಪಕ್ಕೆ ಬರುವ ಕೆಲಸ. ನಡುವಿನ ವರ್ಷಗಳಿಗೆ ನಮ್ಮಂಥವರು ಆಯ್ದ ಕೆಲವು ಮನೆಗಳಿಗೆ ಮಾತ್ರ ಹೋಗುತ್ತೇವೆ. ಹಿಟ್ಟಿನ ಚೀಲದಿಂದ ಒಂದು ಹಿಡಿ ತೆಗೆದು ಮೂಸಿ, ಚೀಲದ ಹಿಟ್ಟೆಲ್ಲ ಹೀಗೆಯೇ ಎಂದು ಹೇಳುವ ಹಾಗೆ. ಐಸಮ್ಮನ ಮನೆ ಎಂದರೆ ಲೆಕ್ಕದಲ್ಲಿ ಆ ಒಂದೇ ಮನೆಯಲ್ಲ. ನಾವು ಹೋಗದೆ ಬಿಟ್ಟ ಅಂಥ ಅನೇಕ ಮನೆಗಳ ಪರವಾಗಿ ಅದು ಉತ್ತರ ಕೊಡುತ್ತದೆ. ಅಲ್ಲಿ ಒಬ್ಬನನ್ನು ತಪ್ಪಾಗಿ ಸೇರಿಸಿದರೆ ಎಲ್ಲೆಲ್ಲೋ ಅನೇಕರು ತಪ್ಪಾಗಿ ಹುಟ್ಟಿಕೊಳ್ಳುತ್ತಾರೆ.

ತರಬೇತಿಯಲ್ಲಿ ಇದೆಲ್ಲ ಸುಲಭವಾಗಿ ಕಂಡಿತ್ತು. ನಿಯಮಗಳು ಚಿಕ್ಕವು. ಒಂದೇ ಅಡುಗೆಮನೆಯಿಂದ ಉಣ್ಣುವವರು ಒಂದು ಕುಟುಂಬ. ಆರು ತಿಂಗಳು ಒಂದು ಕಡೆ ಇದ್ದರೆ, ಅಥವಾ ಇರುವ ಉದ್ದೇಶದಿಂದ ಬಂದಿದ್ದರೆ, ಅದೇ ಅವರ ವಾಸದ ಜಾಗ. ಅದಕ್ಕಿಂತ ಹೆಚ್ಚು ಕಾಲ ಹೊರಗೆ ಹೋದವರನ್ನು ಕುಟುಂಬದಿಂದ ತೆಗೆದು, ಹೊರಹೋದವರು ಎಂಬ ಬೇರೆ ಭಾಗದಲ್ಲಿ ಹಾಕಬೇಕು. ಒಬ್ಬ ಮನುಷ್ಯ ಒಂದೇ ಕಡೆ. ಕಾಗದದ ಮೇಲೆ ಜನ ಬಹಳ ವಿಧೇಯರು.

ಓಣಿಗೆ ಇಳಿದ ಮೇಲೆ ಕಷ್ಟ ಶುರುವಾಯಿತು. ಎಲ್ಲಿ ಹುಟ್ಟಿದಿರಿ ಎಂಬ ಪ್ರಶ್ನೆಯನ್ನೇ ನೋಡಿ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಸಹನಾ ಹುಟ್ಟಿದ್ದು ನನ್ನ ತವರು ನರಗುಂದದಲ್ಲಿ, ಬಾಣಂತನ ಮುಗಿಸಿ ಗದಗಿನ ಮನೆಗೆ ತಂದೆವು. ಹುಟ್ಟಿದ ಊರು ಒಂದು, ಇರುವ ಊರು ಇನ್ನೊಂದು ಆದ್ದರಿಂದ ತೊಟ್ಟಿಲಲ್ಲಿ ಮಲಗಿಯೇ ನನ್ನ ಮಗಳು ವಲಸೆಗಾರ್ತಿ. ಮಂಗಳೂರಿನಲ್ಲಿ ಇದು ತಿರುಗಾಮುರುಗಾ. ಸುತ್ತಲಿನ ಜಿಲ್ಲೆಗಳವರೆಲ್ಲ ಹೆರಿಗೆಗೆ ಇಲ್ಲಿಯ ಆಸ್ಪತ್ರೆಗಳಿಗೆ ಬರುತ್ತಾರೆ. ಮೂರು ದಿನ ಮಾತ್ರ ಈ ಊರಿನ ಗಾಳಿ ಕುಡಿದ ಮಕ್ಕಳು ಜೀವನವಿಡೀ ಮಂಗಳೂರಿನಲ್ಲಿ ಹುಟ್ಟಿದವರಾಗಿ, ಮಂಗಳೂರಿನಿಂದ ಹೋದವರಾಗಿ ಉಳಿಯುತ್ತಾರೆ.

ಇನ್ನೊಂದು ತಪ್ಪನ್ನು ಇಲ್ಲಿಯವರು ಮಾತ್ರ ಮಾಡಬಲ್ಲರು. ಅಭ್ಯಾಸಕ್ಕೆಂದು ಸರೋಜಕ್ಕನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ್ದೆ. ನಿಮ್ಮ ಮನೆ ಎಲ್ಲಿ ಎಂದರೆ, ಕಾರ್ಕಳದ ಹತ್ತಿರ ಎಂದರು. ಯಾವಾಗ ಬಿಟ್ಟಿರಿ ಎಂದರೆ ತಬ್ಬಿಬ್ಬಾದರು. ನಾನೇ ಅಂದಾಜಿನಿಂದ ಮದುವೆಯ ವರ್ಷ ತುಂಬಿದೆ. ಅದನ್ನು ನಮ್ಮ ತಂಡದ ಮೇಲ್ವಿಚಾರಕ ಹರೀಶನಿಗೆ ತೋರಿಸಿದಾಗ ಅವನು ನಕ್ಕ. ಹರೀಶ ಸುರತ್ಕಲ್ಲಿನವನು, ನನಗಿಂತ ಚಿಕ್ಕವನು, ಈ ಕೆಲಸದಲ್ಲಿ ನುರಿತವನು.

“ಅದು ಕುಟುಂಬದ ಮನೆ ಮೇಡಂ. ತಾಯಿಯ ಕಡೆಯ ಮೂಲ ಮನೆ. ಅಲ್ಲಿ ನಮ್ಮ ದೈವ ಉಂಟು. ವರ್ಷಕ್ಕೊಮ್ಮೆ ತಂಬಿಲಕ್ಕೆ ಹೋಗ್ತೇವೆ, ಪೂಜೆ ಕೊಡ್ತೇವೆ, ಊಟ ಮಾಡ್ತೇವೆ, ಬರ್ತೇವೆ. ಅಲ್ಲಿ ಒಂದು ರಾತ್ರಿಯೂ ಮಲಗದವರು ಇದ್ದಾರೆ.”

“ಮತ್ತ ನಮ್ಮ ಮನಿ ಅಂದ್ರಲ್ಲ?”

“ಮತ್ತೆ ಯಾರ ಮನೆ ಅಂತ ಹೇಳ್ಬೇಕು?”

ಸರೋಜಕ್ಕ ಹುಟ್ಟಿದ್ದು, ಬೆಳೆದದ್ದು ಕಾವೂರಿನಲ್ಲೇ. ನಾನು ಅವರನ್ನು ಎಂದೂ ಇರದ ಮನೆಯಿಂದ ವಲಸೆ ಬರಿಸಿದ್ದೆ. ಅಂದಿನಿಂದ ನಿಮ್ಮ ಮನೆ ಎಲ್ಲಿ ಎಂದು ಇಲ್ಲಿ ಯಾರನ್ನೂ ಕೇಳುವುದಿಲ್ಲ. ಇದಕ್ಕೆ ಮೊದಲು ಯಾವ ಬಾಗಿಲಿಗೆ ಬೀಗ ಹಾಕಿ ಬಂದಿರಿ ಎಂದು ಕೇಳುತ್ತೇನೆ.

ಬೀಗಗಳ ಮಾತು ಬಂದದ್ದರಿಂದ ಹೇಳುತ್ತೇನೆ, ನಮಗೆ ದೊಡ್ಡ ತಲೆನೋವು ಅವೇ. ಪಣಂಬೂರಿನ ಕಡೆ ಬಂದರು, ಕಾರ್ಖಾನೆಗಳ ಕೆಲಸದವರು ಇರುವ ಸಾಲು ಕೋಣೆಗಳಿಗೆ ಹಗಲು ಹೋದರೆ ಬೀಗ. ಅವರು ಪಾಳಿಯಲ್ಲಿ ಇರುತ್ತಾರೆ. ಸಿಕ್ಕಿದ ಒಡಿಶಾದ ಹುಡುಗರು ನಾಲ್ಕು ತಿಂಗಳು ಇಲ್ಲಿ, ಮೂರು ತಿಂಗಳು ಕೊಚ್ಚಿಯಲ್ಲಿ, ಉಳಿದದ್ದು ಇನ್ನೆಲ್ಲೋ. ಯಾವ ಕಡೆಯೂ ಆರು ತಿಂಗಳು ತುಂಬುವುದಿಲ್ಲ. ಅವರ ಊರಿನಲ್ಲಿ ನಮ್ಮಂಥವರು ಹೋಗಿ ಕೇಳಿದರೆ ತಾಯಂದಿರು ಅವರೆಲ್ಲ ಇಲ್ಲೇ ಇದ್ದಾರೆ ಎನ್ನುತ್ತಿರಬಹುದು. ಇನ್ನು ಕಾವೂರಿನ ಫ್ಲ್ಯಾಟುಗಳಲ್ಲಿ ಬೇರೆ ರೀತಿಯ ಬೀಗ. ಗಂಡ, ಹೆಂಡತಿ, ಮಕ್ಕಳು, ಇಡೀ ಮನೆಯೇ ಹೊರದೇಶಕ್ಕೆ ಹೋಗಿರುತ್ತದೆ. ಒಬ್ಬ ಹೋದರೆ ಉಳಿದವರು ಹೇಳುತ್ತಾರೆ. ಎಲ್ಲರೂ ಹೋದರೆ ಹೇಳುವವರು ಯಾರು? ಅಂಥವರು ಲೆಕ್ಕದಿಂದಲೇ ಜಾರಿಬಿಡುತ್ತಾರೆ. ಹೋದವರ ಅಂದಾಜು ನಿಂತಿರುವುದು ಹಿಂದೆ ಉಳಿದವರಿಗೆ ಅವರ ನೆನಪು ಇದೆ ಎಂಬ ನಂಬಿಕೆಯ ಮೇಲೆ. ಇದನ್ನು ತಿಳಿದ ದಿನ ನಾನು ಕಾವೂರಿನ ಕೆರೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ಐಸಮ್ಮನ ಮನೆಗೆ ಮತ್ತೆ ಹೋಗಬೇಕಾಯಿತು. ಯಾಕೆಂದರೆ ಓಣಿಯ ಕೊನೆಯ ಮನೆಗೆ ಹೋದಾಗ ಸಫೀನಾಳ ತಾಯಿಯೂ ನೌಫಲನನ್ನು ಹೇಳಿಬಿಟ್ಟರು. ಮಗಳು, ಪುದಿಯಾಪ್ಲೆ, ತಾನು ಎಂದು ಎಣಿಸಿದರು. ಪುದಿಯಾಪ್ಲೆ ಎಂದರೆ ಬ್ಯಾರಿ ಭಾಷೆಯಲ್ಲಿ ಮದುಮಗ, ಮನೆಯ ಅಳಿಯ. ಮದುವೆಯಾಗಿ ವರ್ಷಗಳಾದರೂ ಹೆಂಡತಿಯ ಮನೆಯಲ್ಲಿ ಅವನು ಪುದಿಯಾಪ್ಲೆಯೇ. ಅವನು ಬಂದಾಗ ಇರಲೆಂದು ಅಲ್ಲಿ ಒಂದು ಕೋಣೆಯನ್ನು ಒಪ್ಪವಾಗಿ ಇಟ್ಟಿದ್ದರು. ಹಾಸಿಗೆಗೆ ಧೂಳು ಕೂರದಂತೆ ಪ್ಲಾಸ್ಟಿಕ್ ಹೊದಿಸಿದ್ದರು. ದಮ್ಮಾಮಿನಲ್ಲಿ ದುಡಿಯುವ ಒಬ್ಬ ಮನುಷ್ಯ ಕೂಳೂರಿನ ಒಂದೇ ಓಣಿಯ ಎರಡು ಒಲೆಗಳಲ್ಲಿ ಉಣ್ಣುತ್ತಿದ್ದ.

“ಮೊದಲ ಸಲ ಹೋದದ್ದು ಲೆಕ್ಕಕ್ಕಿಲ್ಲ,” ಎಂದ ಹರೀಶ. “ಕಡೆಯ ಸಲ ರಜೆ ಮುಗಿಸಿ ಯಾವ ಮನೆಯಿಂದ ಏರ್‌ಪೋರ್ಟಿಗೆ ಹೊರಟದ್ದು ಅಂತ ಕೇಳಿ. ಆ ಮನೆಯ ಹೊರಹೋದವರಲ್ಲಿ ಹಾಕಿ. ಇನ್ನೊಂದು ಕಡೆ ತೆಗೆದುಬಿಡಿ.”

ನಾನು ಹೋದಾಗ ಐಸಮ್ಮ ಅಂಗಡಿಯಲ್ಲಿ ಬಳೆಗಳನ್ನು ಬಣ್ಣದ ಪ್ರಕಾರ ಕೋಲಿಗೆ ಏರಿಸುತ್ತಿದ್ದರು. ಪ್ರಶ್ನೆ ಕೇಳಿದೆ. ಅವರು ಹಸಿರು ಬಳೆಗಳನ್ನು ಏರಿಸಿ ಮುಗಿಸಿದರು.

“ಅಲ್ಲಿಂದ,” ಎಂದರು ಆಮೇಲೆ. “ಬ್ಯಾಗು ಎಲ್ಲ ಅಲ್ಲಿಯೇ ಇತ್ತಲ್ಲ. ಹೋಗುವಾಗ ಇಲ್ಲಿ ಬಂದು ಸಲಾಂ ಹೇಳಿದ. ಕಾರಿನಿಂದ ಇಳಿದೇ ಹೇಳಿದ, ಹಾಂ. ಇಳಿಯದೆ ಹೋಗ್ಲಿಲ್ಲ.”

“ಹಂಗಾದ್ರ ಅವರನ್ನ ಆ ಮನಿಯಿಂದ ಹೋದವರು ಅಂತ ಹಾಕಬೇಕಾಗ್ತದ್ರಿ.”

“ಇಲ್ಲಿಂದ ತೆಗೆಯುದಾ?”

“ತೆಗಿಬೇಕಾಗ್ತದ.”

ಐಸಮ್ಮ ಎದ್ದು ಒಳಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಬರುವಾಗ ಕೈಯಲ್ಲಿ ನೀಲಿ ಅಂಚಿನ ಒಂದು ಪಿಂಗಾಣಿ ತಟ್ಟೆ ಇತ್ತು. ಸೆರಗಿನಿಂದ ಒರೆಸಿ ಗಾಜಿನ ಕೌಂಟರಿನ ಮೇಲೆ, ಸೆಂಟಿನ ಬಾಟಲಿಗಳ ನಡುವೆ ಇಟ್ಟರು.

“ಇದು ಅವನ ತಟ್ಟೆ. ಇದರಲ್ಲಿ ಬೇರೆ ಯಾರಿಗೂ ಹಾಕುದಿಲ್ಲ. ಅವನ ಅಪ್ಪನಿಗೂ ಇಲ್ಲ. ಈ ಮನೆಯಲ್ಲಿ ಉಣ್ಣುವವರು ಅಂತ ನೀವು ಕೇಳಿದ್ದಲ್ವಾ? ಇದನ್ನು ಬರೀರಿ.”

“ಇದಕ್ಕ ಜಾಗ ಇಲ್ರಿ ಇದರಾಗ,” ಎಂದೆ.

ಅವರು ತಟ್ಟೆಯನ್ನು ಬದಿಗೆ ಸರಿಸಿದರು. ಕೆಂಪು ಬಳೆಗಳಿಗೆ ಕೈ ಹಾಕಿದರು. ಅವರ ಎದುರಿಗೇ ಆ ಮನೆಯ ಹೊರಹೋದವರ ಭಾಗದಿಂದಲೂ ನೌಫಲನ ಹೆಸರು ಅಳಿಸಿದೆ. ನನಗೆ ಆಗ ಏನೂ ಅನಿಸಲಿಲ್ಲ. ನಿಜ ಹೇಳುತ್ತೇನೆ, ಏನೂ ಅನಿಸಲಿಲ್ಲ. ಬಿಸಿಲಿನಲ್ಲಿ ಮುಂದಿನ ಮನೆ ಯಾವುದು ಎಂದು ನೋಡಿಕೊಂಡು ಹೊರಟೆ.

ಏಪ್ರಿಲಿನಲ್ಲಿ ಪರೀಕ್ಷೆ ಮುಗಿಸಿ ಸಹನಾ ಬಂದಳು. ನಾನು ಎರಡನೆಯ ಮಂಚವನ್ನು ಮೊದಲೇ ಹಾಕಿಸಿದ್ದೆ, ಸ್ಟೀಲಿನ ಎರಡನೆಯ ತಟ್ಟೆಯನ್ನೂ ತಂದಿದ್ದೆ. ಕಾವೂರಿನ ಶಾಲೆಯಲ್ಲಿ ಸೀಟಿಗೆ ಹೇಳಿಟ್ಟಿದ್ದೆ. ಪಣಂಬೂರಿನ ಕಡಲ ತೀರಕ್ಕೆ ಕರೆದುಕೊಂಡು ಹೋದೆ. ಗದಗಿನ ಹುಡುಗಿ, ಭೀಷ್ಮ ಕೆರೆಯೇ ಅವಳು ಕಂಡ ದೊಡ್ಡ ನೀರು. ದೂರದಲ್ಲಿ ಬಂದರಿಗೆ ಕಾಯುತ್ತಿದ್ದ ಹಡಗುಗಳನ್ನು ತೋರಿಸಿ, ಅವು ಯಾಕೆ ಒಳಗೆ ಬರುವುದಿಲ್ಲ ಎಂದು ಕೇಳಿದಳು. ಸರದಿ ಬರಬೇಕು ಎಂದೆ.

ಅವಳು ಹಟ ಮಾಡಲಿಲ್ಲ, ಅಳಲಿಲ್ಲ. ಅದೇ ನನ್ನನ್ನು ಹೆದರಿಸಿತು. ಊಟವಾದ ಕೂಡಲೇ ತನ್ನ ತಟ್ಟೆ ತೊಳೆದಿಡುವಳು. ನೀರು ಬೇಕಾದರೆ ಕೊಡದಿಂದ ತಗೊಳ್ಳಲಾ ಎಂದು ಕೇಳುವಳು. ಸ್ನಾನಕ್ಕೆ ಹೋಗುವ ಮೊದಲು ನನಗೆ ಹೋಗಬೇಕೇ ಎಂದು ವಿಚಾರಿಸುವಳು. ಅಕ್ಕನ ಮನೆಯಲ್ಲಿ ಇದೇ ಹುಡುಗಿ ಕಾಲು ಅಪ್ಪಳಿಸಿ ನಡೆಯುವವಳು, ದೊಡ್ಡವ್ವ ಎಂದು ಬಾಗಿಲಿನಿಂದಲೇ ಕೂಗುವವಳು, ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವವಳು. ಸರೋಜಕ್ಕ ಅವಳನ್ನು ಹೊಗಳಿದ್ದೇ ಹೊಗಳಿದ್ದು. “ಎಂತ ಪಾಪದ ಹುಡುಗಿ, ಇದ್ದಾಳೋ ಇಲ್ವೋ ಗೊತ್ತೇ ಆಗುದಿಲ್ಲ,” ಎಂದರು. ನನ್ನ ಮಗಳು ನನ್ನ ಮನೆಯಲ್ಲಿ ನೆಂಟಳಾಗಿದ್ದಳು.

ಮೇ ಕೊನೆಗೆ ಟಿಸಿ ತರುತ್ತೇನೆಂದು ಗದಗಿಗೆ ಹೋದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸಿದಳು. ಅಕ್ಕ ಫೋನಿನಲ್ಲಿ ಈ ವಾರ, ಮುಂದಿನ ವಾರ ಎನ್ನುತ್ತಿದ್ದಳು. ಇಲ್ಲಿ ಮಳೆ ಹಿಡಿಯಿತು. ಮಂಗಳೂರಿನ ಮಳೆಗೆ ನಮ್ಮ ಮಳೆಯ ಹಾಗೆ ಬಂದೆ, ಹೋದೆ ಎಂಬ ಸ್ವಭಾವವಿಲ್ಲ. ಬಾಡಿಗೆದಾರರ ಹಾಗೆ ಬಂದು ಬೀಡುಬಿಡುತ್ತದೆ. ಎರಡನೆಯ ಮಂಚದ ಮೇಲೆ ಒಣಗದ ಬಟ್ಟೆ ಹರಡುವುದು ನನಗೆ ಅಭ್ಯಾಸವಾಯಿತು. ಸರೋಜಕ್ಕ ಮೆಟ್ಟಿಲ ಬುಡದಿಂದ ಒಣಸ್ ಆಂಡಾ ಎಂದು ಕೇಳುವರು. ತುಳುವಿನಲ್ಲಿ ಊಟವಾಯಿತೇ ಎಂದರ್ಥ. ಆಂಡ್ ಎನ್ನುತ್ತೇನೆ, ಆಯಿತು ಎಂದು. ಅದರ ಬೆನ್ನಿಗೇ ಕನ್ನಡದಲ್ಲಿ ಮಗಳು ಯಾವಾಗ ಬರ್ತಾಳೆ ಎಂದು ಕೇಳುವರು. ಒಲೆಯ ಮೇಲೆ ಹಾಲಿದೆ ಎಂದು ನಾನು ಒಳಗೆ ಸರಿಯುತ್ತಿದ್ದೆ.

ಸಮೀಕ್ಷೆಯ ಮಳೆಗಾಲದ ಸುತ್ತಿನಲ್ಲಿ ಕಾವೂರಿನ ನಮ್ಮ ಬೀದಿ ಆಯ್ಕೆಯಾಯಿತು. ಸ್ವಂತ ಮನೆಯನ್ನು ಸಮೀಕ್ಷಕರು ತಾವೇ ಮಾಡುವಂತಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹರೀಶ ಕೊಡೆ ಮಡಚಿ ಮೂಲೆಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತ. ನನಗೆ ಪ್ರಶ್ನೆ ಕೇಳಲು ಅವನಿಗೆ ನಾಚಿಕೆ.

“ಎಲ್ಲ ನಿಮಗೆ ಗೊತ್ತುಂಟಲ್ಲ ಮೇಡಂ. ಬೇಗ ಮುಗಿಸ್ತೇನೆ. ಈ ಮನೆಯಲ್ಲಿ ಉಣ್ಣುವವರು ಎಷ್ಟು ಜನ?”

“ಇಬ್ಬರು,” ಎಂದೆ.

ಅವನು ಒಂದು ಹೆಸರು ತುಂಬಿ, ಎರಡನೆಯದಕ್ಕೆ ಬೆರಳು ಎತ್ತಿ ನಿಲ್ಲಿಸಿದ. “ಮಗಳು ಬಂದಾಯ್ತಾ?”

“ಬರ್ತಾಳ.”

“ಬಂದ ಮೇಲೆ ಹಾಕುವಾ?”

“ಇರೋ ಉದ್ದೇಶ ಇದ್ರ ಸಾಕಲ್ಲ. ನಿಯಮ ಐತಲ್ಲ.” ನನ್ನ ದನಿ ಆಟೋದವನು ಹೇಳಿದ ಹಾಗೆ ಜೋರಾಗಿತ್ತು.

ಹರೀಶ ಮಂಚದ ಮೇಲಿನ ಒದ್ದೆ ಬಟ್ಟೆಗಳನ್ನು ನೋಡಿ ತಲೆ ತಗ್ಗಿಸಿದ. “ಬಂದು ಇರುವವರಿಗೆ ಆ ನಿಯಮ. ಅದೂ ಉದ್ದೇಶ ಅಂದ್ರೆ ಅವಳದ್ದಲ್ವಾ ಮೇಡಂ,” ಎಂದ. “ನಿಮ್ಮದಲ್ಲ.”

ಎರಡನೆಯ ತಟ್ಟೆ ಅಡುಗೆಮನೆಯ ಗೂಡಿನಲ್ಲಿ, ಅವನು ಕೂತಲ್ಲಿಂದ ಕಾಣದ ಕಡೆ ಇತ್ತು. ನಾನು ಅದನ್ನು ತಂದು ತೋರಿಸಲಿಲ್ಲ. ಅದಕ್ಕೆ ಜಾಗವಿಲ್ಲ ಎಂದು ನನಗೆ ಗೊತ್ತಿತ್ತು. ಅವಳನ್ನೇ ಕೇಳೋಣ ಎಂದು ಫೋನು ಹಚ್ಚಿದೆ. ಸಹನಾಳೇ ಎತ್ತಿದಳು. ಹಿಂದೆ ಅಕ್ಕನ ಮನೆಯ ಮಿಕ್ಸಿಯ ಸದ್ದು.

“ಟಿಸಿ ಏನಾತವ್ವ?”

ಮಿಕ್ಸಿ ನಿಂತಿತು. “ಅವ್ವಾ, ಇಲ್ಲೇ ಎಂಟನೇತ್ತ ಶುರು ಆಗೇತಿ. ದೊಡ್ಡವ್ವ ಯೂನಿಫಾರ್ಮ್ ಹೊಲಿಸ್ಯಾಳ. ನಿಂಗ ಹೇಳ್ತೀನಿ ಅಂದಿದ್ಲು, ಹೇಳಿಲ್ಲನ?”

“ಹೇಳಿರಬೇಕು. ಮರತಿರಬೇಕು ನಾ,” ಎಂದೆ.

“ನಂಗ ಅಲ್ಲಿ ಚೊಲೋ ಅನಿಸ್ಲಿಲ್ಲ ಅಂತಲ್ಲ. ನಂಗ ಇಲ್ಲೇ ರೂಢಿ ಆಗೇತಿ. ದೀಪಾವಳಿಗೆ ಬರ್ತೀನಿ.”

ಹರೀಶ ಎದ್ದು ಬಾಗಿಲಿನ ಕಡೆ ಹೋಗಿ ಮಳೆ ನೋಡುತ್ತಾ ನಿಂತ. ನನಗೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಅದು ಕೆಲಸದ ಪ್ರಶ್ನೆಯೇ.

“ನಮ್ಮಂಗ ಯಾರರ ಅಲ್ಲಿ ಮನೀಗೆ ಬಂದು, ನಿಮ್ಮವ್ವ ಎಲ್ಲಿರ್ತಾಳ ಅಂತ ಕೇಳಿದ್ರ ಏನ್ ಹೇಳ್ತಿ?”

“ಮಂಗಳೂರಾಗ ಇರ್ತಾಳ ಅಂತೀನಿ,” ಎಂದಳು. ಆಮೇಲೆ ಪರೀಕ್ಷೆಯಲ್ಲಿ ಉತ್ತರ ಸರಿಯೋ ಎಂದು ಕೇಳುವಂತೆ, “ಅಲ್ಲನ?” ಎಂದಳು.

“ಸರಿ ಐತಿ,” ಎಂದೆ.

ಸರಿಯೇ ಇತ್ತು. ಯಾವ ನಿಯಮದಿಂದ ನೋಡಿದರೂ ಸರಿ. ನಾನು ಮನೆಮನೆಗೆ ಹೋಗಿ ಕಷ್ಟಪಟ್ಟು ಹೊರತೆಗೆಯುವ ಉತ್ತರವನ್ನು ನನ್ನ ಮಗಳು ಒಂದೇ ಮಾತಿನಲ್ಲಿ ಕೊಟ್ಟಿದ್ದಳು. ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕಾದೆ. ಚಾವಣಿಯ ಮೇಲೆ ಮಳೆ ಬೀಳುತ್ತಿತ್ತು, ಬಟ್ಟೆಗಳಿಂದ ಮುಗ್ಗಲು ವಾಸನೆ ಬರುತ್ತಿತ್ತು, ಅಷ್ಟೇ. ಫೋನು ಇಟ್ಟು ಹರೀಶನಿಗೆ ಒಂದೇ ಹಾಕಿ ಎಂದೆ. ಅವನು ಉಳಿದದ್ದನ್ನು ಕೇಳಿದ. ಮೊದಲು ಇದ್ದ ಊರು, ಗದಗ. ಬಂದ ಕಾರಣ, ಕೆಲಸ. ಮರಳಿ ಹೋಗುವ ಉದ್ದೇಶ ಇದೆಯೇ ಎಂಬುದಕ್ಕೆ ಹೌದು, ಇಲ್ಲ, ಹೇಳಲಾಗದು ಎಂದು ಮೂರು ಉತ್ತರಗಳಿವೆ. ಜನ ಆ ಪ್ರಶ್ನೆಯ ಮುಂದೆ ತಡವರಿಸಿದಾಗ ನಾನು ಗಡಿಯಾರ ನೋಡುತ್ತಿದ್ದೆ. ಹರೀಶ ನೋಡಲಿಲ್ಲ. ಕೊನೆಗೆ ಹೇಳಲಾಗದು ಎಂದು ಹಾಕಿಸಿದೆ.

ಹೀಗಾಗಿ ಈ ಸಲದ ಅಂದಾಜಿನಲ್ಲಿ ನಾನೂ ಇದ್ದೇನೆ. ಕಾವೂರಿನಲ್ಲಿ ಒಬ್ಬಳೇ ಉಣ್ಣುವ, ಕೆಲಸಕ್ಕೆಂದು ಜಿಲ್ಲೆ ದಾಟಿ ಬಂದ ಹೆಂಗಸು. ನನ್ನಂಥ ಅನೇಕರ ಪರವಾಗಿ. ನೀವು ಊರಿನಲ್ಲಿ ನೀಲಾ ನಮ್ಮವಳು ಎನ್ನುತ್ತೀರಿ, ಸರೋಜಕ್ಕ ಪಕ್ಕದವರಿಗೆ ನಮ್ಮ ಮೇಲಿನ ಘಟ್ಟದವಳು ಎನ್ನುತ್ತಾರೆ. ಗದಗಿಗೆ ಹೋದರೆ ಅನ್ನ ಬೆಳ್ಳಗೆ ಕಂಡು ಕಣ್ಣು ಚುಚ್ಚುತ್ತದೆ, ಇಲ್ಲಿಗೆ ಬಂದರೆ ರೊಟ್ಟಿ ಬಡಿಯುವ ಸದ್ದಿಗೆ ಕಿವಿ ಹುಡುಕುತ್ತದೆ.

ಮುಂದಿನ ವಾರ ಕೂಳೂರಿನ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಜೋರಾಯಿತು. ಓಣಿಯೊಳಗೆ ಓಡಿ ಐಸಮ್ಮನ ಅಂಗಡಿಯ ಮಾಡಿನಡಿ ನಿಂತೆ. ಅವರು ನನ್ನನ್ನು ಗುರುತು ಹಿಡಿದು ಒಳಗೆ ಕರೆದು, ಸ್ಟೂಲು ಎಳೆದು ಹಾಕಿದರು. ಟ್ಯಾಬ್ ನನ್ನ ಚೀಲದೊಳಗೇ ಇತ್ತು. ಅದನ್ನು ನೋಡಿ ಅವರು ಕೈ ಅಡ್ಡ ಆಡಿಸಿದರು.

“ಅದನ್ನು ತೆಗೀಬೇಡಿ. ಇನ್ನು ತೆಗೀಲಿಕ್ಕೆ ನಮ್ಮಲ್ಲಿ ಜನ ಇಲ್ಲ,” ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ. ಚಹಾದ ಲೋಟ ನನ್ನ ಕೈಗೆ ಕೊಟ್ಟು ಎದುರಿಗೆ ಕೂತರು. “ನೀವು ನಮ್ಮದೆಲ್ಲ ಕೇಳಿದ್ರಿ. ನಿಮ್ಮದು ಹೇಳಲೇ ಇಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜನ?”

“ಇಬ್ಬರು,” ಎಂದೆ. “ನಾನು, ನನ್ನ ಮಗಳು.”

“ಹೌದಾ. ಈ ಮಳೆಯಲ್ಲಿ ಶಾಲೆಗೆ ಹೋಗಿದ್ದಾಳಾ? ಸಂಜೆ ಎಷ್ಟು ಹೊತ್ತಿಗೆ ಬರ್ತಾಳೆ?”

ಲೋಟ ಬಿಸಿಯಾಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಸಂಜಿಗಲ್ರಿ,” ಎಂದೆ. “ದೀಪಾವಳಿಗೆ.”

ಐಸಮ್ಮ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಬನ್ಸು ಹಾಕಿಕೊಂಡು ಬಂದು ನನ್ನ ಮುಂದೆ ಇಟ್ಟರು. ತಟ್ಟೆಯ ಅಂಚು ನೀಲಿಯಾಗಿತ್ತು.